ಗೌರಕ್ಕನ ಜೊತೆ ತಿಮಿಂಗಿಲದ ತವರಿಗೆ

ಕಡಲೆ ನೋಡಲು ಹೋದವನು ಕಡಲು ನೋಡಿ ಬಂದ ಎಂದು ಸಿಂದಗಿ ಪೇಟೆಯಲ್ಲಿ ನನ್ನನ್ನು ಈಗಲೂ ಆಡಿಕೊಳ್ಳುತ್ತಾರೆ. ಸುಳ್ಳೇನಲ್ಲ. ನಮ್ಮದು ಬೇಳೆ ಗಿರಣಿ. ಮೆಕ್ಸಿಕೊ ದೇಶದ ಪಡುವಣ ಬಯಲಿನಲ್ಲಿ ಗೋಲಿಯಷ್ಟು ದಪ್ಪದ ಬಿಳಿ ಕಡಲೆ ಬೆಳೆಯುತ್ತದೆ. ಅಲ್ಲಿಯ ವ್ಯಾಪಾರಿಯೊಬ್ಬರು ಮುಂಬಯಿಯಲ್ಲಿ ಪರಿಚಯವಾಗಿ, ಕಾಯಿ ಕಟ್ಟುವ ಹೊತ್ತಿಗೆ ಬಂದು ನಮ್ಮ ಹೊಲ ನೋಡಿಹೋಗಿ ಎಂದು ಮನಸ್ಸಿನಿಂದ ಕರೆದಿದ್ದರು. ಹೊಲವನ್ನೂ ನೋಡಿದೆ. ಆದರೆ ನಾಲ್ಕು ಮಂದಿಯ ಮುಂದೆ ಕೂತು ಹೇಳಬೇಕೆನಿಸುವುದು ಹೊಲದ ಮಾತಲ್ಲ.

ನನ್ನ ಜೊತೆ ಬರಬೇಕಾಗಿದ್ದವಳು ಹೆಂಡತಿ ಸರೋಜಾ. ಅಷ್ಟರಲ್ಲಿ ಮಗಳು ವೀಣಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುವುದು ಗೊತ್ತಾಗಿ, ಸರೋಜಾ ಮನೆಯಲ್ಲೇ ನಿಂತಳು. ಮರುದಿನವೇ ತಾಂಬಾದಿಂದ ನನ್ನ ಅಕ್ಕ ಗೌರಕ್ಕನ ಫೋನು ಬಂತು.

"ಶಂಕ್ರ್ಯಾ, ನಿನ ಜೋಡಿ ನಾ ಬರ್ತೇನಿ."

"ಎಲ್ಲಿಗಂತ ಗೊತ್ತೈತೇನ ಅಕ್ಕಾ?"

"ಎಲ್ಲಿಗರೆ ಇರಲಿ. ಅಲ್ಲೂ ಮಂದೀನ ಇರ್ತಾರಲ್ಲ."

ಮಾನಸ ಸರೋವರಕ್ಕೆಂದು ಮಾಡಿಸಿ, ಹೋಗಲಾಗದೆ ಉಳಿದ ಪಾಸ್‌ಪೋರ್ಟು ಅಕ್ಕನ ಟ್ರಂಕಿನಲ್ಲಿ ಹಾಗೇ ಇತ್ತು. ಭಾವನವರಿಗೆ ವಿಜಯಪುರದವರೆಗೆ ಬಸ್ಸಿನಲ್ಲಿ ಕೂತರೇ ಸೊಂಟ ಹಿಡಿಯುತ್ತದೆ. "ನೀ ಹೋಗಿ ಬಂದು ಹೇಳು, ನಾ ಕುಂತ ಕೇಳ್ತೇನಿ" ಎಂದು ಅವರು ಒಪ್ಪಿಗೆ ಕೊಟ್ಟರು.

ಅಕ್ಕ ಹೊರಟದ್ದೇಕೆಂದು ನನಗೂ ಗೊತ್ತಿತ್ತು, ಸರೋಜಾಗೂ ಗೊತ್ತಿತ್ತು. ಬಳಗದಲ್ಲಿ ಎಲ್ಲಿ ಹೆರಿಗೆಯಾದರೂ ಆ ಹೊತ್ತಿಗೆ ಅಕ್ಕನಿಗೆ ಬೇರೆ ಊರಿನಲ್ಲಿ ಕೆಲಸ ಬೀಳುತ್ತದೆ. ಆಕೆಗೆ ಮಕ್ಕಳಾಗಲಿಲ್ಲ. ಮದುವೆಯಾಗಿ ಕೆಲವು ವರ್ಷ ಕಳೆದ ಮೇಲೆ, ಮುದ್ದೇಬಿಹಾಳದ ನೆಂಟರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದಳು. ಹೆಂಗಸರು ಸಾಲಾಗಿ ಕೂತು ಕೂಸನ್ನು ಉಡಿಯಿಂದ ಉಡಿಗೆ ದಾಟಿಸುತ್ತಿದ್ದರು. ಅಕ್ಕನ ಸರದಿ ಬಂತು, ಎರಡೂ ಕೈ ಚಾಚಿದಳು. ಕೂಸಿನ ತಾಯಿ ಅದರ ತಲೆಗೆ ಕಟ್ಟಿದ್ದ ಕುಂಚಿಗೆಯನ್ನು ಮುಖದ ಮೇಲೆ ಎಳೆದು, "ನಿದ್ದಿಗಣ್ಣಾಗೈತ್ರಿ ಅಕ್ಕಾರ" ಎಂದು ಆಚೆಯವಳ ಉಡಿಗೆ ಕೊಟ್ಟಳು. ಕೂಸು ಕಣ್ಣು ಬಿಟ್ಟುಕೊಂಡೇ ಇತ್ತಂತೆ.

ಆವತ್ತಿನಿಂದ ಅಕ್ಕ ಯಾರ ಕೂಸಿಗೂ ಕೈ ಚಾಚಿದವಳಲ್ಲ. ನಮ್ಮ ವೀಣಾಳನ್ನೂ ಅದು ನಡೆಯಲು ಕಲಿತ ಮೇಲೆಯೇ ಎತ್ತಿದ್ದು. ಖಣದ ತುಂಡುಗಳನ್ನು ಕೂಡಿಸಿ ಕುಂಚಿಗೆ ಹೊಲಿಯುತ್ತಾಳೆ, ಯಾರದಾದರೂ ಕೈಯಲ್ಲಿ ಕಳಿಸುತ್ತಾಳೆ. ಇಂಡಿ, ಸಿಂದಗಿ ಕಡೆಯ ಎಷ್ಟೋ ಮಕ್ಕಳ ತಲೆಯ ಮೇಲೆ ಅಕ್ಕನ ಕುಂಚಿಗೆ ಕೂತಿದೆ. ಅಕ್ಕನ ಕೈ ಕೂತಿಲ್ಲ.

ಕಡಲೆಯ ಊರು

ನಮ್ಮನ್ನು ಕರೆದ ವ್ಯಾಪಾರಿಯ ಮನೆಯಲ್ಲಿ ಊಟಕ್ಕೆ ಕೂತಾಗ ಅಕ್ಕನ ಕಣ್ಣು ಮೊದಲು ಬಿದ್ದದ್ದು ಲಿಂಬೆಹಣ್ಣಿನ ಮೇಲೆ. ಅಲ್ಲಿ ಎಲ್ಲದಕ್ಕೂ ಲಿಂಬೆ ಹಿಂಡುತ್ತಾರೆ. ಸಾರಿಗೆ, ಹಣ್ಣಿಗೆ, ಹುರಿದ ಶೇಂಗಾಕ್ಕೆ, ಕೊನೆಗೆ ಬೀರಿಗೂ. ಅಕ್ಕ ಒಂದು ಹೋಳನ್ನು ಮೂಸಿ, ಹಿಂಡಿ, ನಾಲಗೆಗೆ ತಾಕಿಸಿ, "ರಸ ಐತಿ, ವಾಸನಿ ಇಲ್ಲ. ಇಂಡಿ ಲಿಂಬಿಕಾಯಿ ಮುಂದ ಇದು ಸಣ್ಣ ಹುಡುಗ" ಎಂದು ತೀರ್ಪು ಕೊಟ್ಟಳು. ಜೋಳದ ರೊಟ್ಟಿಯ ತಂಗಿಯಂಥ ಮೆಕ್ಕೆಜೋಳದ ರೊಟ್ಟಿ ಮಾತ್ರ ಆಕೆಯ ಮನಸ್ಸಿಗೆ ಬಂತು. ಅದರೊಳಗೆ ನಾವು ಒಯ್ದಿದ್ದ ಅಗಸಿ ಚಟ್ನಿಪುಡಿ ಹಾಕಿ ಸುತ್ತಿ, ಮನೆಯವರಿಗೆಲ್ಲ ಒಂದೊಂದು ಕೊಟ್ಟಳು. ಅವರು ಖಾರ ತಿನ್ನುವ ಮಂದಿ. ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಕೇಳಿದರು.

ಆ ಮನೆಯ ಹಿರಿಯ ಮಗಳು ರೋಸಾ. ಇಂಗ್ಲಿಷು ಬಲ್ಲವಳು, ನನಗೂ ಆಕೆಗೂ ನಡುವೆ ಮಾತು ಸಾಗುತ್ತಿದ್ದುದು ಅದರಲ್ಲೇ. ಊಟದ ನಡುವೆ ಆಕೆ ಆಚೆ ದಂಡೆಯ ಸುದ್ದಿ ತೆಗೆದಳು. ಸಮುದ್ರ ದಾಟಿದರೆ ಉದ್ದಕ್ಕೆ ಚಾಚಿದ ಒಣ ನೆಲ. ಅದರ ಪಡುವಣ ಅಂಚಿನಲ್ಲಿ ಕಡಲು ನೆಲದೊಳಗೆ ನುಗ್ಗಿ ಅಲ್ಲಲ್ಲಿ ಮಡುವಾಗಿ ನಿಂತಿದೆ. ಬಡಗಣ ಹಿಮದ ಸಮುದ್ರದ ಬೂದು ತಿಮಿಂಗಿಲಗಳು ಪ್ರತಿ ಚಳಿಗಾಲದಲ್ಲಿ ಸಾವಿರಾರು ಮೈಲಿ ಈಜಿ ಆ ಮಡುಗಳಿಗೆ ಬರುತ್ತವೆ. ಬೆಚ್ಚಗಿನ ನೀರಿನಲ್ಲಿ ಹೆತ್ತು, ಮರಿಗೆ ಮೈಕೈ ತುಂಬಿದ ಮೇಲೆ ಕರೆದುಕೊಂಡು ಹಿಂದಿರುಗುತ್ತವೆ.

ನಾನು ಅಕ್ಕನಿಗೆ ಹೇಳಿದೆ. ಆಕೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ತವರಿಗೆ ಬಂದಂಗ ಆತಲ್ಲ."

"ಹಂಗ ಅನ್ನು."

"ನೋಡು, ಮನ್ಯಾಗಿನ ಬಾಣಂತನ ಬಿಟ್ಟು ಇಷ್ಟು ದೂರ ಬಂದ್ರ ಇಲ್ಲೂ ಬಾಣಂತಿಗೋಳು" ಎಂದು ನಕ್ಕಳು.

ಬೇಡವಾದರೆ ಬೇಡ ಎಂದೆ. ಆಕೆ ರೊಟ್ಟಿಗೆ ಮತ್ತೆ ಕೈ ಹಾಕಿ, "ನೀರಾಗ ಇರ್ತಾವಲ್ಲ. ದೂರಿಂದ ನೋಡಿ ಬಂದ್ರಾತು" ಎಂದಳು.

ಹಡಗಿನ ಮೇಲೆ

ರೋಸಾ ತನ್ನ ಕಾರನ್ನೇ ಹಡಗಿನ ಹೊಟ್ಟೆಯೊಳಗೆ ನಿಲ್ಲಿಸಿ ನಮ್ಮನ್ನು ಮೇಲಕ್ಕೆ ಕರೆದುಕೊಂಡು ಹೋದಳು. ತೊಪೊಲೊಬಾಂಪೊ ಎಂಬ ಬಂದರು. ಅಕ್ಕನ ಬಾಯಲ್ಲಿ ಅದು "ತೊಪ್ಪಲ ಬಾಂಬು" ಆಗಿ, ತೊಪ್ಪಲ ಪಲ್ಯೆಯ ನೆನಪಾಗಿ, ಅರ್ಧ ದಾರಿ ಅದರದೇ ಮಾತಾಯಿತು.

ದಂಡೆ ಮರೆಯಾದ ಮೇಲೆ ಆಕೆಯ ಮಾತು ಕಡಿಮೆಯಾಯಿತು. ಕಟಕಟೆ ಹಿಡಿದು ನಿಂತೇ ಇದ್ದಳು. ನಮ್ಮಂಥವರಿಗೆ ಇಷ್ಟು ನೀರು ಎಂದರೆ ಕೃಷ್ಣೆಯ ಹಿನ್ನೀರು ಒಂದೇ. ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ಬಸವನ ಬಾಗೇವಾಡಿ ತಾಲೂಕಿನವಳು. ಆಕೆಯ ತವರೂರು ಹಿನ್ನೀರಿನಲ್ಲಿ ಮುಳುಗಿತು. ಮುಳುಗಿದ ಮೇಲೂ ವರ್ಷಕ್ಕೊಮ್ಮೆ, ಆಗಲೇ ದೊಡ್ಡವರಾಗಿದ್ದ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ದಂಡೆಯಲ್ಲಿ ಕೂಡಿಸುತ್ತಿದ್ದಳು. "ಅಲ್ಲಿ ನೋಡ್ರಿ, ಆ ಬೆಳ್ಳಕ್ಕಿ ಕುಂತೈತಲ್ಲ, ಅದರ ಕೆಳಗ ನಮ್ಮ ಪಡಸಾಲಿ. ಅದರಾಚಿಗೆ ನನ್ನ ಹಡದ ಖೋಲಿ" ಎನ್ನುತ್ತಿದ್ದಳು. ಬೆಳ್ಳಕ್ಕಿ ಹಾರಿ ಇನ್ನೊಂದು ಕಡೆ ಕೂತರೆ ಪಡಸಾಲೆಯೂ ಅಲ್ಲಿಗೆ ಹೋಗುತ್ತಿತ್ತು. ನಾವು ನಗುತ್ತಿದ್ದೆವು, ಆಯಿಯೂ ನಗುತ್ತಿದ್ದಳು. ನಾನಾಡುವ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ಆಕೆಯದು. ಶಾಲೆ ಕಲಿಸಿದ್ದು ಅಕ್ಷರ ಮಾತ್ರ.

"ಆಯಿ ಇದ್ದಿದ್ರ ಏನಂತಿದ್ಲು?" ಎಂದು ಕೇಳಿದೆ.

"ಇಷ್ಟು ನೀರಾಗ ಎಷ್ಟು ಮಂದಿ ತವರು ಮುಳುಗ್ಯಾವೋ ಅಂತಿದ್ಲು."

ಖರ್ಜೂರದ ಊರು

ಆಚೆ ದಂಡೆಯ ನೆಲ ನೋಡಿ ಅಕ್ಕನಿಗೆ ಧೈರ್ಯ ಬಂತು. ಒಣ ಗುಡ್ಡ, ಮುಳ್ಳು, ಆಳೆತ್ತರದ ಕಳ್ಳಿ. "ದೇವರ ಹಿಪ್ಪರಗಿ ದಾರಿನ ಇದು. ಕಳ್ಳಿ ಅಷ್ಟ ಮೈ ಬಿಟ್ಟೈತಿ" ಎಂದಳು. ಹಾಗೇ ಬಹಳ ದೂರ ಹೋದ ಮೇಲೆ ಒಮ್ಮೆಗೇ ಹಸಿರು ಕಾಣಿಸಿತು. ಸಾನ್ ಇಗ್ನಾಸಿಯೊ ಎಂಬ ಸಣ್ಣ ಊರು, ಸುತ್ತ ಖರ್ಜೂರದ ತೋಪು, ನಡುವೆ ಕಲ್ಲಿನ ಹಳೆಯ ಇಗರ್ಜಿ. ಕಟ್ಟೆಯ ಮೇಲೆ ಮುದುಕರು ಏನೂ ಮಾಡದೆ ಕೂತಿದ್ದರು. ಇಳಕಲ್ ಸೀರೆಗೆ ಬೂಟು ಹಾಕಿಕೊಂಡಿದ್ದ ಅಕ್ಕನನ್ನು ನೋಡಿ ಟೋಪಿ ತೆಗೆದು ವಂದಿಸಿದರು. ಅಕ್ಕ ಸೆರಗು ಸರಿಮಾಡಿಕೊಂಡು, "ಆರಾಮ್ರೀ?" ಎಂದಳು. ಅವರು ತಮ್ಮ ಮಾತಿನಲ್ಲಿ ಏನೋ ಹೇಳಿದರು. ಎರಡೂ ಕಡೆಯವರಿಗೆ ಸಮಾಧಾನವಾಯಿತು.

ಒಬ್ಬಳು ಅಜ್ಜಿ ಬುಟ್ಟಿಯಲ್ಲಿ ಖರ್ಜೂರ ಇಟ್ಟುಕೊಂಡು ಮಾರುತ್ತಿದ್ದಳು. ಅಕ್ಕ ಅದರ ಮುಂದೆ ಕೂತೇಬಿಟ್ಟಳು. ಒಂದೊಂದನ್ನೂ ಒತ್ತಿ ನೋಡಿ, ಗಟ್ಟಿಯಾದುದನ್ನು ಬಿಟ್ಟು, ಮೆತ್ತಗಿನದನ್ನು ಆರಿಸಿ ಚೀಲ ತುಂಬಿಸಿದಳು.

"ಇಷ್ಟು ಯಾರಿಗಕ್ಕಾ?"

"ಬಾಣಂತಿ ನೋಡಾಕ ಬರಿಗೈಲೆ ಹೋಗ್ತಾರೇನಲೇ?"

ತಮಾಷೆಯೆಂದುಕೊಂಡೆ. ಮುಖ ನೋಡಿದರೆ ತಮಾಷೆಯಲ್ಲ. ಕೃಷ್ಣೆಯ ದಂಡೆಯ ತಂಗಡಗಿಯಲ್ಲಿ ಹೊಳೆಗೇ ಉಡಿ ತುಂಬುವ ಮಂದಿ ನಾವು. ನೀರಿನಲ್ಲಿರುವ ತಾಯಿಗೆ ನಾಲ್ಕು ಖರ್ಜೂರ ಕೊಡುವುದರಲ್ಲಿ ಆಕೆಗೆ ವಿಚಿತ್ರವೇನೂ ಕಾಣಲಿಲ್ಲ. ದೂರದಿಂದ ನೋಡಿ ಬರುತ್ತೇನೆಂದವಳು ಕೊಡುವುದಕ್ಕೆ ಸಾಮಾನು ಕಟ್ಟುತ್ತಿದ್ದಾಳೆಂಬುದನ್ನು ನಾನು ಗಮನಿಸಿದೆ. ಆಡಿ ತೋರಿಸಲಿಲ್ಲ.

ಮಡುವಿನ ಮೊದಲ ದಿನ

ಮಡುವಿನ ದಂಡೆಯಲ್ಲಿ ಹಲಗೆಯ ಗುಡಿಸಲುಗಳು, ಅಡುಗೆಮನೆ, ಮತ್ತು ಎಡೆಬಿಡದ ಗಾಳಿ. ದೋಣಿಯವನ ಹೆಸರು ಬೆಟೊ. ದಪ್ಪ ಮೀಸೆ, ಅರವತ್ತರ ಆಚೀಚೆ. ಅಕ್ಕ ಹೊಲಕ್ಕಿಳಿಯುವವಳ ಹಾಗೆ ಕಚ್ಚೆ ಹಾಕಿಕೊಂಡು ಬಂದಳು. ಅದರ ಮೇಲೆ ಕಿತ್ತಳೆ ಬಣ್ಣದ ತೇಲುವ ಅಂಗಿ ತೊಡಿಸಿದರು. "ನಿನ ಭಾವನ ಮುಂದ ಇದೊಂದು ಹೇಳಬ್ಯಾಡ" ಎಂದು ನನಗೆ ತಾಕೀತು ಮಾಡಿ ದೋಣಿ ಹತ್ತಿದಳು.

ಖರ್ಜೂರದ ಚೀಲ ನೋಡಿ ಬೆಟೊ ತಲೆಯಾಡಿಸಿದ. ನೀರಿಗೆ ಏನನ್ನೂ ಹಾಕುವಂತಿಲ್ಲ. ಅಲ್ಲದೆ ತಾಯಂದಿರು ಇಲ್ಲಿರುವಷ್ಟು ದಿನ ಬಹುಮಟ್ಟಿಗೆ ಏನೂ ತಿನ್ನುವುದಿಲ್ಲ ಎಂದ. ರೋಸಾ ಹೇಳಿದ್ದನ್ನು ನಾನು ಅಕ್ಕನಿಗೆ ದಾಟಿಸಿದೆ.

"ಬಾಣಂತಿ ಉಪಾಸ?" ಅಕ್ಕನಿಗೆ ನಂಬಿಕೆ ಬರಲಿಲ್ಲ. "ಅಂಟಿನ ಉಂಡಿ ಇಲ್ಲ, ಅಳ್ವಿ ಪಾಯಸ ಇಲ್ಲ. ಮತ್ತ ಹಾಲು ಎಲ್ಲಿಂದ ಬರಬೇಕು? ತವರಂತಿ, ಇದ್ಯಾವ ಸೀಮಿ ತವರು?"

ಬಡಗಣ ಸಮುದ್ರದಲ್ಲಿ ಬೇಸಿಗೆಯೆಲ್ಲ ತಿಂದು ಮೈಯಲ್ಲಿ ಕೊಬ್ಬು ಕೂಡಿಟ್ಟುಕೊಂಡು ಬರುತ್ತವೆ, ಅದರಿಂದಲೇ ಹಾಲು ಎಂದು ಬೆಟೊ ವಿವರಿಸಿದ.

"ಹಂಗಾರ ತನ್ನ ಬುತ್ತಿ ತಾನ ಕಟಿಗೊಂಡು ಬಂದಾಳ" ಎಂದು ಅಕ್ಕ ಒಪ್ಪಿದಳು. ಖರ್ಜೂರವನ್ನು ದೋಣಿಯಲ್ಲಿದ್ದ ಬೇರೆ ಪ್ರವಾಸಿಗರಿಗೇ ಹಂಚಿದಳು. ಆದರೆ ಬರಿಗೈಯಾದದ್ದು ಆಕೆಗೆ ಸರಿಬರಲಿಲ್ಲ. ದೋಣಿಯ ನಟ್ಟನಡುವೆ, ಯಾವ ಅಂಚಿಗೂ ಕೈ ನಿಲುಕದ ಕಡೆ ಕೂತಳು.

ಮಡುವಿನ ನಡುವೆ ಹೋದಾಗ ಬೆಟೊ ಯಂತ್ರದ ಸದ್ದು ತಗ್ಗಿಸಿದ. ನಾವಾಗಿ ಅವುಗಳ ಬೆನ್ನು ಹತ್ತುವಂತಿಲ್ಲ, ಅವು ಬಂದರೆ ಬಂದವು. ಕಾದೆವು. ಆಮೇಲೆ ಆತ ನೀರಿನತ್ತ ಕೈ ತೋರಿಸಿ ಮೆಲ್ಲಗೆ ಅಂದ: "ಅಕೀ, ಅಕೀ."

ಅಕ್ಕ ತಟ್ಟನೆ ಅವನತ್ತ ತಿರುಗಿದಳು. "ಏ ಶಂಕ್ರ್ಯಾ, ಇವಗ ನಮ್ಮ ಮಾತು ಬರ್ತೈತೇನೋ? ಆಕಿ ಅಂತಾನ ನೋಡು."

ಅಕೀ ಎಂದರೆ ಅವರ ಮಾತಿನಲ್ಲಿ 'ಇಲ್ಲಿ' ಎಂದರ್ಥ ಅಂತ ರೋಸಾ ನಗುತ್ತ ಹೇಳಿದಳು. ಅಕ್ಕ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಲ್ಲಿಯವರೆಗೆ ತಿಮಿಂಗಿಲವನ್ನು ಅದು, ಇದು ಎನ್ನುತ್ತಿದ್ದವಳು ಆ ಗಳಿಗೆಯಿಂದ ಆಕಿ ಎಂದೇ ಶುರುಮಾಡಿದಳು. ನಮ್ಮ ಕಡೆ ಆಕಿ ಎಂದರೆ ಮನೆ, ಮಾರು, ಕಷ್ಟಸುಖ ಎಲ್ಲ ಇರುವ ಹೆಂಗಸು.

ಆಕಿ ಬಂದಳು. ಬೂದು ಬಣ್ಣದ ಬಂಡೆಯೊಂದು ನೀರಿನಡಿಯಿಂದ ಏರಿದ ಹಾಗೆ, ನಮ್ಮ ದೋಣಿಯ ಎರಡರಷ್ಟು ಉದ್ದ. ಮೈಮೇಲೆಲ್ಲ ಬಿಳಿ ಚಿಪ್ಪುಗಳು ಕಚ್ಚಿ, ಹಳೆಯ ಗುಡಿಯ ಗೋಡೆಯಂತಿತ್ತು. ಬುಸ್ಸೆಂದು ಉಸಿರು ಬಿಟ್ಟಾಗ ತುಂತುರು ಮುಖಕ್ಕೆ ರಾಚಿತು. ಮೀನು ಮುಟ್ಟದ ಮನೆತನದವರು ನಾವು, ಆ ವಾಸನೆಗೆ ನಾನು ಮೂಗು ಮುಚ್ಚಿಕೊಂಡೆ. ಪಕ್ಕದಲ್ಲಿ ಮರಿ. ಮರಿಯೆಂದರೆ ನಮ್ಮ ಗಿರಣಿಯ ಟೆಂಪೊದಷ್ಟು. ದೋಣಿಯಲ್ಲಿದ್ದ ಬೇರೆಯವರೆಲ್ಲ ಅಂಚಿಗೆ ಬಾಗಿ ಕೈ ಚಾಚಿದರು, ತಾಯಿಯ ಬೆನ್ನು ಸವರಿದರು. ನಾನೂ ಸವರಿದೆ. ಅಕ್ಕ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಕೂತೇ ಇದ್ದಳು.

ಬೆಟೊ ರೋಸಾಳ ಕಡೆ ನೋಡಿ ಏನೋ ಕೇಳಿದ. ಅಮ್ಮನಿಗೆ ಹೆದರಿಕೆಯೇ ಎಂದು ಕೇಳುತ್ತಿದ್ದಾನೆ ಎಂದಳು ರೋಸಾ. ಹೆದರಿಕೆಯಲ್ಲ ಎಂದೆ. ಬೆಟೊ ತಾನೇ ಮಾತು ಮುಂದುವರಿಸಿದ. ಹಿಂದೆ ಬೇಟೆಯ ಹಡಗುಗಳು ಇಂಥ ಮಡುಗಳೊಳಗೇ ಬಂದು ಮರಿಗಳ ಮುಂದೆ ತಾಯಂದಿರನ್ನು ಕೊಲ್ಲುತ್ತಿದ್ದವಂತೆ. ಮರಿ ಉಳಿಸಲು ತಾಯಿ ತಿಮಿಂಗಿಲಗಳು ದೋಣಿಗಳನ್ನು ಮುರಿದುಹಾಕುತ್ತಿದ್ದವಂತೆ. ಅದಕ್ಕೆ ಇವಕ್ಕೆ ಸೈತಾನ ಮೀನು ಎಂದು ಹೆಸರು. ಆತನ ಅಜ್ಜ ತಿಮಿಂಗಿಲ ಕಂಡರೆ ಹುಟ್ಟುಗೋಲಿನಿಂದ ದೋಣಿಯನ್ನು ಬಡಿದು ಸದ್ದು ಮಾಡುತ್ತ ದೂರ ಓಡುತ್ತಿದ್ದನಂತೆ. ಈಗ ಅವೇ ಮರಿಯನ್ನು ಕರೆತಂದು ತೋರಿಸುತ್ತವೆ. ಏಕೆಂದು ಯಾರಿಗೂ ತಿಳಿಯದು ಎಂದ.

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. "ಕೊಂದವರ ಮುಂದ ಕೂಸು ತಂದು ಇಡಬೇಕಾದ್ರ ಆಕಿ ಎದಿ ಎಷ್ಟು ದೊಡ್ಡದಿರಬೇಕು" ಎಂದಳು, ಅಷ್ಟೇ.

ಎರಡನೆಯ ದಿನ

ಮರುದಿನ ಬೆಳಗ್ಗೆ ಗಾಳಿ ಬಿದ್ದಿತ್ತು. ಮಡು ಎಣ್ಣೆ ಹೊಯ್ದಂತೆ ನಿಂತಿತ್ತು. ಈ ಸಲ ನಡುವಿನ ಜಾಗವನ್ನು ಬೇರೆ ಯಾರೋ ಹಿಡಿದುಬಿಟ್ಟರು. ಅಕ್ಕ ಅಂಚಿಗೇ ಕೂರಬೇಕಾಯಿತು. ಕೈ ಮಾತ್ರ ಸೆರಗಿನೊಳಗೇ.

ತಾಯಿಯೊಂದು ನಮ್ಮ ಬಲಗಡೆ ಎದ್ದಿತು. ಎಲ್ಲರೂ ಆ ಕಡೆಗೆ ವಾಲಿದರು. ದೋಣಿ ಓರೆಯಾಗುತ್ತದೆಂದು ಬೆಟೊ ಗದರಿ ಅರ್ಧ ಮಂದಿಯನ್ನು ಹಿಂದಕ್ಕೆ ಕೂರಿಸಿದ. ಅಷ್ಟರಲ್ಲಿ ತಾಯಿ ಮುಳುಗಿ, ದೋಣಿಯಡಿಯಲ್ಲಿ ಹಾದು, ಅಕ್ಕನಿದ್ದ ಕಡೆ ಬಂತು. ಒಂದು ಗಳಿಗೆ ಏನೂ ಕಾಣಲಿಲ್ಲ. ಆಮೇಲೆ ನೀರು ಉಬ್ಬಿತು. ಮರಿ ಮೇಲೆ ಬಂತು, ಆದರೆ ತಾನಾಗಿ ಬಂದದ್ದಲ್ಲ. ತಾಯಿ ಅಡಿಯಿಂದ ತಲೆ ಕೊಟ್ಟು ಅದನ್ನು ಎತ್ತಿ ಹಿಡಿದಿತ್ತು. ಮರಿಯ ಮೂತಿ ಅಕ್ಕನ ಮೊಣಕಾಲಿಗೆ ಗೇಣು ದೂರ.

"ಬ್ಯಾಡವ್ವಾ" ಎಂದಳು ಅಕ್ಕ, ಎದುರು ಮನೆಯವಳಿಗೆ ಹೇಳುವ ದನಿಯಲ್ಲಿ. "ನಿನ ಕೂಸು ನಿನ ಬಲ್ಲಿ ಇರಲಿ. ನಾ ಇಲ್ಲಿಂದ ನೋಡೇನಿ."

ಮರಿ ಜಾರಿ ನೀರಿಗಿಳಿಯಿತು. ತಾಯಿ ಹೋಗಲಿಲ್ಲ. ಮತ್ತೆ ಅಡಿಗೆ ಹೋಗಿ, ಮತ್ತೆ ಎತ್ತಿತು. ಈ ಸಲ ಮರಿಯ ಗದ್ದ ದೋಣಿಯ ಅಂಚಿಗೇ ತಾಗಿತು. ಮೂತಿಯ ಮೇಲೆ ಸಣ್ಣ ಸಣ್ಣ ಕುಳಿ, ಒಂದೊಂದರಲ್ಲೂ ಒಂದೊಂದು ಕೂದಲು. ನಾನು ಕೈ ಚಾಚಬಹುದಿತ್ತು. ಚಾಚಲಿಲ್ಲ.

"ಅಕೀ" ಎಂದ ಬೆಟೊ, ಮೆಲ್ಲಗೆ, ಅಕ್ಕನ ಮುಂದಿನ ನೀರು ತೋರಿಸಿ.

ಅಕ್ಕ ನನ್ನ ಕಡೆ ತಿರುಗಿದಳು. ಅರವತ್ತು ದಾಟಿದ ಹೆಂಗಸು, ನನ್ನನ್ನು ಕೈಹಿಡಿದು ಶಾಲೆಗೆ ಬಿಟ್ಟುಬಂದವಳು. ಆಗ ಆಕೆಯ ಮುಖದಲ್ಲಿದ್ದ ಅಳುಕನ್ನು ನಾನು ಹಿಂದೆ ಕಂಡಿರಲಿಲ್ಲ.

"ಶಂಕ್ರ್ಯಾ, ಆಕಿ ನನಗ ಕೊಡಾಕತ್ತಾಳೇನೋ?"

"ಹೌದಕ್ಕಾ. ನಿನಗ."

ಬಲಗೈ ಸೆರಗಿನಿಂದ ಹೊರಬಂತು. ಮೊದಲು ಬೆರಳ ತುದಿ ಇಟ್ಟಳು, ಆಮೇಲೆ ಅಂಗೈ. ತುಸು ತಡೆದು ಎಡಗೈಯನ್ನೂ ತಂದು, ಎರಡೂ ಕೈಯಲ್ಲಿ ಆ ಮೂತಿಯನ್ನು ಹಿಡಿದುಕೊಂಡಳು. ತಾಯಿ ಅಡಿಯಲ್ಲಿ ಅಲುಗದೆ ನಿಂತಿತ್ತು.

"ಎಳೀ ಬದನಿಕಾಯಂಗ ನುಣ್ಣಗೈತಿ ಮೈ" ಎಂದಳು ಅಕ್ಕ. ಬಳಿಕ ಮರಿಗೆ: "ಏನವಾ? ಯಾವಾಗ ಬಂದಿ?"

ಮರಿ ಉತ್ತರಕ್ಕೆ ಉಸಿರು ಬಿಟ್ಟಿತು. ತಲೆಯ ಮೇಲಿನ ತೂತಿನಿಂದ ಚಿಮ್ಮಿದ್ದು ಪೂರಾ ಅಕ್ಕನ ಮುಖದ ಮೇಲೆ, ಸೆರಗಿನ ಮೇಲೆ. ರೋಸಾ ಕರವಸ್ತ್ರ ಕೊಡಲು ಬಂದಳು. ಅಕ್ಕ ತೆಗೆದುಕೊಳ್ಳಲಿಲ್ಲ.

"ಥಂಡಿ ಆಗೇತಿ ಇದಕ, ಮೂಗ ಸುರಸ್ತೈತಿ" ಎಂದು ತಿಮಿಂಗಿಲದ ಮರಿಯ ಗದ್ದ ಒರೆಸುತ್ತಲೇ ಇದ್ದಳು. ಸಮುದ್ರದ ನೀರಿನಲ್ಲಿರುವುದರ ಗದ್ದ ಒರೆಸಿ ಒಣಗಿಸುವುದಾಗುತ್ತದೆಯೇ? ಅದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಯಾರೂ ಹೇಳುತ್ತಿರಲಿಲ್ಲ.

ಅವೆರಡೂ ಹೋದ ಮೇಲೆ ಅಕ್ಕ ಕೈ ತೊಳೆಯಲಿಲ್ಲ. ಒದ್ದೆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ದಂಡೆಯವರೆಗೂ ಬಂದಳು.

ಸಂಜೆ

ಬಿಡಾರದ ಅಡುಗೆಮನೆಯ ಹತ್ತಿರ ಮಾತ್ರ ಫೋನು ಹತ್ತುತ್ತಿತ್ತು. ಅಲ್ಲಿ ಸಂಜೆಯೆಂದರೆ ಸಿಂದಗಿಯಲ್ಲಿ ಮರುದಿನದ ನಸುಕು. ಸರೋಜಾಳ ದನಿಯಲ್ಲೇ ಸುದ್ದಿ ತಿಳಿಯಿತು. ವೀಣಾ ಹಡೆದಿದ್ದಳು. ಹೆಣ್ಣು ಕೂಸು, ಇಬ್ಬರೂ ಆರಾಮ, ಮನೆಗೂ ಬಂದಾಗಿತ್ತು. ನಾನು ಕೇಳುವುದನ್ನೆಲ್ಲ ಕೇಳಿ, ಸ್ಪೀಕರು ಹಾಕಿ ಫೋನನ್ನು ಅಕ್ಕನ ಕೈಗೆ ಕೊಟ್ಟೆ. ಇಂಥ ಸುದ್ದಿಗೆ ಆಕೆ ಯಾವಾಗಲೂ "ಛಲೋ ಆತು, ಹುಷಾರಿ" ಎಂದು ಎರಡು ಮಾತಿನಲ್ಲಿ ಮುಗಿಸಿ ಫೋನು ಹಿಂದಿರುಗಿಸುತ್ತಾಳೆ. ಹಿಂದಕ್ಕೆ ತೆಗೆದುಕೊಳ್ಳಲು ನಾನು ಕೈ ನೀಡಿಕೊಂಡೇ ನಿಂತಿದ್ದೆ.

"ಛಲೋ ಆತು" ಎಂದಳು ಅಕ್ಕ. ಫೋನು ಕೊಡಲಿಲ್ಲ. "ಕೂಸಿಗೆ ನೀರು ಯಾರು ಹಾಕ್ತಾರ?"

"ಇಲ್ಲೆ ಓಣ್ಯಾಗ ಒಬ್ಬಾಕಿ ಅದಾಳ್ರಿ ಅಕ್ಕಾರ. ನಾಳಿಂದ ಬಾ ಅಂದೇವಿ. ಕೈ ಜರಾ ಬಿರುಸು."

"ಆಕಿಗೆ ನಾ ಬರೂತನ ಅಷ್ಟ ಹೇಳು."

ಆ ಕಡೆ ಹಿತ್ತಲಲ್ಲಿ ಹಂಡೆಗೆ ನೀರು ಸುರಿಯುವ ಸದ್ದು ಇಲ್ಲಿಯವರೆಗೂ ಕೇಳಿಸಿತು. ಆಮೇಲೆ ಸರೋಜಾ ನಿಧಾನಕ್ಕೆ ಕೇಳಿದಳು, "ನೀವು ಹಾಕ್ತೀರಿ ಅಕ್ಕಾರ?"

"ಕೊಟ್ರ ಹಾಕ್ತೇನಿ."

ಫೋನು ಕೈ ಬದಲಾದ ಸಪ್ಪಳ. ವೀಣಾಳ ದನಿ, ಸಣ್ಣಗೆ, ದಣಿದು: "ಅತ್ತೀ, ಲಗೂ ಬಾ. ಅವ್ವಗ ಸೊಂಟ ಬಗ್ಗಂಗಿಲ್ಲ. ಆ ಓಣ್ಯಾಕಿ ಕೈಯಾಗ ಕೂಸು ಕೊಡಾಕ ನನಗ ಮನಸ್ಸಿಲ್ಲ."

ಅಕ್ಕ ಹೂಂ ಎಂದಳು. ಇನ್ನೊಮ್ಮೆ ಹೂಂ ಎಂದಳು. ಫೋನು ನನಗೆ ಕೊಟ್ಟು, ಅಡುಗೆಮನೆಯ ಮುಂದಿನ ಹಲಗೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಳು. ಸೀರೆಯನ್ನು ಮೊಣಕಾಲಿನವರೆಗೆ ಸರಿಸಿ, ಎರಡೂ ಕಾಲನ್ನು ಮುಂದಕ್ಕೆ ಉದ್ದಕ್ಕೆ ನೀಡಿ, ಕೂಸನ್ನು ಮಲಗಿಸಿ ನೀರು ಹಾಕುವಷ್ಟು ಎಡೆ ಬಿಟ್ಟು, ಪಾದಗಳೆರಡನ್ನು ಕೂಡಿಸಿ ನೋಡಿದಳು. ಮೊಣಕಾಲು ಲಟಕ್ಕೆಂದವು. ರೋಸಾ ಗಾಬರಿಯಾಗಿ ಓಡಿಬಂದಳು.

"ಏನಾಗಿಲ್ಲವಾ" ಎಂದಳು ಅಕ್ಕ ಆಕೆಗೆ ಕನ್ನಡದಲ್ಲೇ. "ಕಾಲು ಕೂಡ್ತಾವೋ ಇಲ್ಲೋ ನೋಡಾಕತ್ತಿದ್ದೆ. ಕೂಡ್ತಾವ."